ನೆನೆಹಾಕಬಾರದ ಕಲ್ಲು

ಒರಟು ಕಲ್ಲಿನಿಂದ ಗುಳ್ಳೆ ಏಳುವುದು ಇನ್ನೂ ನಿಂತಿರಲಿಲ್ಲ. ಅಣ್ಣತಮ್ಮಂದಿರಿಬ್ಬರಲ್ಲಿ ದೊಡ್ಡವನು ನೀರಿನ ಬೋಗುಣಿಯ ಮೇಲೆ ಬಗ್ಗಿ ಅದನ್ನೇ ನೋಡುತ್ತಿದ್ದ. ಒಣಗಿದ ಸಾಣೆಕಲ್ಲು ಹೊಟ್ಟೆತುಂಬ ನೀರು ಕುಡಿದು ಸುಮ್ಮನಾಗುವವರೆಗೆ ಕತ್ತಿ ಮುಟ್ಟಿಸಬಾರದು ಎಂದು ಅಪ್ಪ ಹೇಳಿಕೊಟ್ಟಿದ್ದ. ಆ ಕಲ್ಲು ನೀರು ಕಂಡು ಎಂಟು ವರ್ಷವಾಗಿತ್ತು. ಅಲ್ಲಿಂದೀಚೆಗೆ ಈ ಕ್ಷೌರದಂಗಡಿಯಲ್ಲಿ ಎಲ್ಲ ಬಿಸಾಡುವ ಬ್ಲೇಡಿನ ಕೆಲಸವೇ.

"ನಾಳೆ ಕಣ್ಣಿನ ಆಪರೇಷನ್ನು," ಎಂದರು ಕುರ್ಚಿಯಲ್ಲಿ ಕೂತಿದ್ದ ಮೇಷ್ಟ್ರು. "ಆಮೇಲೆ ಒಂದು ತಿಂಗಳು ಮುಖಕ್ಕೆ ನೀರು ಸೋಕಿಸ್ಬೇಡಿ ಅಂದಿದಾರೆ. ಇವತ್ತು ನಿಮ್ಮಪ್ಪನ ಕತ್ತೀಲೇ ಆಗ್ಬೇಕು ನೋಡು."

"ಕತ್ತಿ ಇದೆ ಮೇಷ್ಟ್ರೇ. ಮಸೆಯೋ ಕಲ್ಲು ಅರ್ಧ ಮಾತ್ರ ಇದೆ."

ಮಸೆಯಲು ಎರಡು ಕಲ್ಲು ಬೇಕು. ಒರಟು ಕಲ್ಲು ಅಲಗಿನ ಮುಕ್ಕು ತೆಗೆಯುತ್ತದೆ, ನುಣುಪು ಕಲ್ಲು ಅದಕ್ಕೆ ಹರಿತ ಕೊಡುತ್ತದೆ. ಅಪ್ಪ ಹೋದ ಮೇಲೆ ಅಣ್ಣತಮ್ಮಂದಿರು ಕುರ್ಚಿ, ಕನ್ನಡಿ, ಕತ್ತರಿಯೆಲ್ಲ ಹಂಚಿಕೊಂಡು ಕೊನೆಗೆ ಕಲ್ಲನ್ನೂ ಬಿಡಲಿಲ್ಲ. ಒರಟು ದೊಡ್ಡವನಿಗೆ, ನುಣುಪು ಚಿಕ್ಕವನಿಗೆ. ಜೋಡಿ ಚಪ್ಪಲಿಯಲ್ಲಿ ಒಂದೊಂದು ಹಂಚಿಕೊಂಡಂತಾಯಿತು. ಹೊಸ ಕಲ್ಲು ಕೊಂಡರೆ ಸೋತಂತೆ ಎಂದು ಇಬ್ಬರೂ ಕೊಳ್ಳಲಿಲ್ಲ.

ಜಗಳದ ಮೂಲ ಒಂದೇ ಮಾತು. ಅಂಗಡಿ ತುಂಬ ಗಿರಾಕಿಗಳಿದ್ದಾಗ ದೊಡ್ಡವನು, "ನಿನ್ನ ಕೈ ಭಾರ ಕಣೋ, ಎಮ್ಮೆ ಬೋಳಿಸೋಕೆ ಲಾಯಕ್ಕು" ಎಂದಿದ್ದ. ಎಲ್ಲರೂ ನಕ್ಕರು, ಚಿಕ್ಕವನೊಬ್ಬನನ್ನು ಬಿಟ್ಟು. ತಿಂಗಳೊಳಗೆ ರಸ್ತೆಯ ಆಚೆಬದಿಯಲ್ಲಿ ಅವನ ಅಂಗಡಿ ಎದ್ದಿತು. ಅಂದಿನಿಂದ ಮಾತಿಲ್ಲ. ಆದರೆ ಅಂಗಡಿಗಳು ಎದುರುಬದುರು, ಗೋಡೆ ತುಂಬ ಕನ್ನಡಿ. ಬೇಡವೆಂದರೂ ದಿನವಿಡೀ ಒಬ್ಬರಿಗೊಬ್ಬರು ಕಾಣುತ್ತಿದ್ದರು. ತಮ್ಮನ ತಲೆ ನೆರೆತದ್ದನ್ನು ದೊಡ್ಡವನು ಕನ್ನಡಿಯಲ್ಲೇ ನೋಡಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ವಾಪಸು ನುಂಗಲಾಗಿದ್ದರೆ ಅವನು ಆ ಮಾತನ್ನು ಎಂದೋ ನುಂಗಿಬಿಡುತ್ತಿದ್ದ.

ಊಟದ ಡಬ್ಬಿ ತಂದಿದ್ದ ಅವನ ಹೆಂಡತಿ ಸೆರಗು ಸರಿಪಡಿಸಿಕೊಂಡಳು. "ಒಂದು ಕಲ್ಲು ಕೇಳೋಕೆ ಇಷ್ಟು ಯೋಚ್ನೆನಾ? ನಾನು ತರ್ತೀನಿ ಇರಿ. ವಾರಗಿತ್ತಿಯರು ನಾವೇ ಮಾತು ಬಿಟ್ಟಿಲ್ಲ, ನೀವು ಗಂಡಸರು ಮೂತಿ ಊದಿಸ್ಕೊಂಡು ಕೂತಿದೀರ."

ಹೋದಷ್ಟೇ ಬೇಗ ಬಂದಳು. ಬಟ್ಟೆಯಲ್ಲಿ ಸುತ್ತಿದ ಕಲ್ಲನ್ನು ಮೇಜಿನ ಮೇಲಿಟ್ಟಳು.

"ಏನಂದ?"

"ಏನೂ ಅನ್ಲಿಲ್ಲ. ಕೊಟ್ಟ, ಅಷ್ಟೆ."

ಅದು ದೊಡ್ಡವನಿಗೆ ನಾಟಿತು. ಎರಡು ಬೈಗುಳವಾದರೂ ಬಂದೀತೆಂದು ಆಸೆಪಟ್ಟಿದ್ದ. ಬಟ್ಟೆ ಬಿಚ್ಚಿದ. ಕಲ್ಲಿನ ಮೇಲೆ ಒಂದು ಕಣ ಧೂಳಿರಲಿಲ್ಲ. ಅದು ಪದರುಗಲ್ಲು. ನಾಲ್ಕು ಹನಿ ಚಿಮುಕಿಸಿದರೆ ಸಾಕು. ಒರಟು ಕಲ್ಲಿನಂತೆ ನೆನೆಹಾಕಿದರೆ ಪದರು ಬಿಟ್ಟು ಸೀಳಿಹೋಗುತ್ತದೆ. ಚಿಕ್ಕಂದಿನಲ್ಲಿ ಆಟಕ್ಕೆಂದು ಅದನ್ನು ಬೋಗುಣಿಗೆ ಹಾಕಹೋಗಿ ಇಬ್ಬರೂ ಒಟ್ಟಿಗೆ ಏಟು ತಿಂದಿದ್ದರು. ಅದನ್ನು ಮರೆಯುವುದುಂಟೆ?

ದೊಡ್ಡವನು ತಲೆಯೆತ್ತಿ ಕನ್ನಡಿ ನೋಡಿದ. ರಸ್ತೆಯಾಚೆ ಚಿಕ್ಕವನು ಗಿರಾಕಿಯೊಬ್ಬನ ಕೆನ್ನೆಗೆ ಸೋಪು ಹಚ್ಚುತ್ತ, ಕುಂಚ ಅರ್ಧಕ್ಕೇ ನಿಲ್ಲಿಸಿ, ತನ್ನ ಕನ್ನಡಿಯಲ್ಲಿ ಇತ್ತಲೇ ನೋಡುತ್ತಿದ್ದ. ದೊಡ್ಡವನು ಕನ್ನಡಿಯಿಂದ ಕಣ್ಣು ತೆಗೆಯದೆ ನುಣುಪು ಕಲ್ಲನ್ನು ಬೋಗುಣಿಯ ಮೇಲೆ ಹಿಡಿದ. ನಿಧಾನವಾಗಿ ಕೆಳಗಿಳಿಸಿದ. ಕಲ್ಲಿನ ಒಂದು ಮೂಲೆ ನೀರಿಗೆ ತಾಗಿತು.

"ಅಣ್ಣಾ, ಬೇಡ."

ರಸ್ತೆಯ ನಡುವೆ ಸೈಕಲ್ಲಿನವನೊಬ್ಬ ಬ್ರೇಕು ಹಾಕಿ ಬೈದ. ಚಿಕ್ಕವನು ಅದಾವುದನ್ನೂ ಕೇಳಿಸಿಕೊಳ್ಳದೆ, ಕುಂಚದಿಂದ ನೊರೆ ಸುರಿಸಿಕೊಂಡು ಒಳಗೆ ನುಗ್ಗಿ ಕಲ್ಲು ಕಿತ್ತುಕೊಂಡ. ತನ್ನ ಅಂಗಿಯಿಂದಲೇ ಒರೆಸಿದ.

"ಬುದ್ಧಿ ಇದೆಯಾ ನಿಂಗೆ? ಇದನ್ನ ಯಾರಾದ್ರೂ ನೆನೆಹಾಕ್ತಾರಾ? ಅಪ್ಪ ಎಷ್ಟು ಸಲ ಬಡ್ಕೊಂಡಿದ್ದ."

"ಮರ್ತೋಯ್ತು," ಎಂದ ದೊಡ್ಡವನು.

"ಮರ್ತೋಯ್ತಂತೆ. ನಲವತ್ತು ವರ್ಷ ಕೆಲಸ ಮಾಡಿ ಮರ್ತೋಯ್ತಂತೆ."

ಬಿಳಿ ಬಟ್ಟೆ ಹೊದ್ದಿದ್ದ ಮೇಷ್ಟ್ರು ಸುಮ್ಮನೆ ಕೆಮ್ಮಿದರು. ಹೆಂಡತಿ ಬಾಗಿಲ ಕಡೆ ಮುಖ ತಿರುಗಿಸಿ ನಿಂತಳು.

ಗುಳ್ಳೆ ನಿಂತಿತ್ತು. ಚಿಕ್ಕವನು ಕುಂಚವನ್ನು ಮೇಜಿನ ಮೇಲಿಟ್ಟು, ಬೈಯುತ್ತಲೇ ಒರಟು ಕಲ್ಲನ್ನು ಎತ್ತಿ ಕತ್ತಿ ಮಸೆಯತೊಡಗಿದ. ಎಂಟು ವರ್ಷದ ಮೇಲೆ ಆ ಸರ್ ಸರ್ ಸದ್ದು ಅಂಗಡಿಯಲ್ಲಿ ಕೇಳಿತು. ಆಮೇಲೆ ನುಣುಪು ಕಲ್ಲಿಗೆ ಬೆರಳ ತುದಿಯಿಂದ ನಾಲ್ಕು ಹನಿ ಬಿದ್ದವು. ತೊಗಲಿನ ಪಟ್ಟಿಯ ಮೇಲೆ ಎಳೆದು, ಮುಂಗೈಯ ಕೂದಲಿಗೆ ತಾಗಿಸಿ ನೋಡಿ, ಚಿಕ್ಕವನು ಕತ್ತಿಯ ಹಿಡಿಯನ್ನು ಅಣ್ಣನ ಕಡೆ ಚಾಚಿದ.

"ತಗೋ. ಮಾಡು."

ದೊಡ್ಡವನು ಕೈ ಚಾಚಲಿಲ್ಲ.

"ನೀನೇ ಮಾಡು. ನಾಳೆ ಆಪರೇಷನ್ನಿಗೆ ಹೋಗೋರು. ಹಗುರ ಕೈ ಬೇಕು."

ಮೇಷ್ಟ್ರು ಕಣ್ಣು ಮುಚ್ಚಿ, ಗದ್ದ ಮೇಲೆತ್ತಿ ಕೊಟ್ಟರು. ಚಿಕ್ಕವನು ಅವರ ಮುಖಕ್ಕೆ ಸೋಪು ಹಚ್ಚಿ, ಎಡಗೈಯಿಂದ ಕೆನ್ನೆಯ ಚರ್ಮ ಬಿಗಿಹಿಡಿದ. ಕತ್ತಿ ಹಗುರವಾಗಿ ಕೆನ್ನೆಯ ಮೇಲಿಂದ ಇಳಿಯಿತು.

ಎದುರಂಗಡಿಯ ಬಾಗಿಲಿಗೆ ಗಿರಾಕಿ ಬಂದು ನಿಂತಿದ್ದ. ಅರ್ಧ ಮುಖಕ್ಕೆ ಹಚ್ಚಿದ ಸೋಪು ಒಣಗಿ ಬಿಳಿಚಿಕೊಂಡಿತ್ತು. ದೊಡ್ಡವನು ಮೇಜಿನ ಮೇಲಿದ್ದ ತಮ್ಮನ ಕುಂಚವನ್ನು ಬೋಗುಣಿಯಲ್ಲಿ ಅದ್ದಿ ಕೊಡವಿ, ಎಡಕ್ಕೂ ಬಲಕ್ಕೂ ನೋಡಿಕೊಂಡು ರಸ್ತೆಗಿಳಿದ.