ಎಡಗಾಲಿನ ಸೂಜಿ

"ಬೇಡ ಅಂದ್ರೆ ಬೇಡ ಡಾಕ್ಟರಮ್ಮ. ಜ್ವರಕ್ಕೆ ಔಷಧಿ ಕೊಡಿ, ಕೆಮ್ಮಿಗೆ ಕೊಡಿ, ನಿಮ್ಮ ಮಾತು ಮೀರೋದಿಲ್ಲ. ಈ ಸೂಜಿ ಮಾತ್ರ ಬೇಡ."

ಮಕ್ಕಳ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅರವತ್ತು ದಾಟಿದ ಹೆಂಗಸು; ಬೆಳಗಿನಿಂದ ನಲವತ್ತು ಮಕ್ಕಳ ಅಳು ಕೇಳಿದ್ದರೂ ದನಿ ಏರಿಸುವವರಲ್ಲ. ಎದುರಿಗೆ ಸ್ಟೂಲಿನ ಮೇಲೆ ಕೂತಿದ್ದವನು ರಬ್ಬರ್ ಸೀಲು ಮಾಡುವವನು, ಪೇಟೆಯವರ ಬಾಯಲ್ಲಿ ಸೀಲಿನವರು. ಅವನ ತೊಡೆಯ ಮೇಲಿದ್ದ ಹತ್ತು ತಿಂಗಳ ಮಗಳು ಪಾಪಚ್ಚಿ, ಹೊಸದಾಗಿ ಮೂಡಿದ ಎರಡು ಹಲ್ಲಿನಿಂದ ಡಾಕ್ಟರ ಮೇಜಿನ ಅಂಚಿನ ರುಚಿ ನೋಡುತ್ತಿದ್ದಳು.

ರೈಲು ಹಳಿಯ ಆಚೆಯ ಓಣಿಗಳಲ್ಲಿ ದಡಾರ ಎದ್ದಿದೆ ಎಂದು ಡಾಕ್ಟರು ಹೇಳಿದರು. ಈ ತಿಂಗಳಲ್ಲೇ ಮೂರು ಮಕ್ಕಳನ್ನು ನೋಡಿದೆ, ಒಂದಕ್ಕೆ ಕಣ್ಣು ಹೋಯಿತು ಎಂದರು. ಒಂಬತ್ತು ತಿಂಗಳಿಗೇ ಹಾಕಿಸಬೇಕಾದದ್ದು, ಈಗಾಗಲೇ ತಡ ಎಂದರು. ಅವನು ಬೇರೆ ಊರಿನ ಬಸ್ಸಿನ ಹೆಸರು ಕೂಗುವುದನ್ನು ಕೇಳಿದ ಹಾಗೆ ಕೇಳಿದ.

"ದೊಡ್ಡವನಿಗೆ ಆಗಿದ್ದು ಸೂಜಿಯಿಂದ ಅಲ್ಲ," ಎಂದರು ಕೊನೆಗೆ. "ಮೆದುಳು ಜ್ವರ. ಬೆನ್ನಿನ ನೀರು ತೆಗೆದು ನೋಡಿದ ರಿಪೋರ್ಟು ನಿಮ್ಮ ಮನೇಲೇ ಇದೆ. ಸೂಜಿ ಹಾಕಿದ್ದು ನಾನೇ. ನನ್ನ ಕೈಯಿಂದ ಆಗಿದ್ದರೆ ನಾನೇ ಹೇಳ್ತಿದ್ದೆ."

"ಬುಧವಾರ ಇದೇ ಸೂಜಿ, ಶುಕ್ರವಾರ ಫಿಟ್ಸು. ನನಗೆ ಅಷ್ಟು ಗೊತ್ತಿದ್ರೆ ಸಾಕು."

ದೊಡ್ಡವನು ಎಂದರೆ ಒಂದೂವರೆ ವರ್ಷಕ್ಕೇ ತೀರಿಕೊಂಡ ಮಗ. ನಾಲ್ಕು ವರ್ಷವಾಯಿತು. ಆಗ ಪಾಪಚ್ಚಿ ಹುಟ್ಟಿರಲಿಲ್ಲ, ಆದರೂ ಈಗ ಅವನ ಮಾತು ಬಂದರೆ ಮನೆಯಲ್ಲಿ ದೊಡ್ಡೋನು ಎಂದೇ ಅನ್ನುತ್ತಾರೆ. ಬೆಳೆಯದೆ ಹೋದವನಿಗೆ ಆ ಹೆಸರು ಅಂಟಿಕೊಂಡಿತು. ಇಷ್ಟು ಕೋಪ ಇದ್ದವನು ಬೇರೆ ಡಾಕ್ಟರನ್ನು ಹುಡುಕಿಕೊಳ್ಳಬಹುದಿತ್ತು, ಹುಡುಕಲಿಲ್ಲ. ಮಗನ ಮುಖ ನೆನಪಿದ್ದವರು ಊರಲ್ಲಿ ಬೆರಳೆಣಿಕೆಯಷ್ಟು ಜನ, ಅವರಲ್ಲಿ ಈ ಡಾಕ್ಟರಮ್ಮ ಒಬ್ಬರು. ಅಷ್ಟೇ ಇರಬೇಕು.

ಡಾಕ್ಟರು ಮಗುವಿನ ಕಾರ್ಡನ್ನು ಅವನ ಕಡೆ ಸರಿಸಿದರು. ದಡಾರದ ಸಾಲೊಂದೇ ಖಾಲಿಯಿತ್ತು. "ಮನೇಲಿ ಮಾತಾಡಿ, ಮುಂದಿನ ವಾರ ಬನ್ನಿ," ಎಂದರು. ಅವನು ಹೋಗಲಿಲ್ಲ.

ಹೋಗದೆ ಇದ್ದರೆ ನಡೆಯುತ್ತಿತ್ತೇನೋ, ಆದರೆ ಹೆಂಡತಿಯ ರಜೆ ಮುಗಿಯುತ್ತ ಬಂದಿತ್ತು. ಅವಳು ಶೂ ಫ್ಯಾಕ್ಟರಿಯಲ್ಲಿ ಮೇಲ್ಭಾಗದ ಚರ್ಮ ಹೊಲಿಯುವವಳು. ಮಗುವನ್ನು ಅಲ್ಲಿಯ ಶಿಶುವಿಹಾರಕ್ಕೆ ಸೇರಿಸಿಕೊಳ್ಳಬೇಕಾದರೆ ಕಾರ್ಡಿನ ಒಂದು ಸಾಲೂ ಖಾಲಿ ಇರಕೂಡದು. ಶಿಶುವಿಹಾರದ ಮೇಲ್ವಿಚಾರಕಿ ಬಲು ಕಟ್ಟುನಿಟ್ಟು, ಕಾರ್ಡನ್ನು ಬೆಳಕಿಗೆ ಹಿಡಿದು ನೋಡುತ್ತಾಳಂತೆ. ಹೆಂಡತಿ ಎರಡು ಸಲ ಅವನ ಮುಂದೆ ಮಾತೆತ್ತಿದಳು. ಎರಡನೆಯ ಸಲ, "ಹಾಕ್ಸಿಬಿಡೋಣ ಕಣ್ರೀ. ನನಗೂ ಭಯಾನೇ. ಆದ್ರೂ," ಎಂದು ನಿಲ್ಲಿಸಿದಳು. ಅವನು ಆಯಿತು ಎಂದ. ನಾಳೆ ನಾನೇ ಕರೆದುಕೊಂಡು ಹೋಗುತ್ತೇನೆ, ನಿನಗೆ ನೋಡಲಾಗುವುದಿಲ್ಲ ಎಂದ.

ಅವನ ಅಂಗಡಿಯ ಒಂದು ನಿಯಮ ಪೇಟೆಗೆಲ್ಲ ಗೊತ್ತಿತ್ತು. ಸೀಲು ಯಾರದ್ದೋ ಅವರ ಸಹಿಯ ಪತ್ರ ಇಲ್ಲದೆ ಅವನು ರಬ್ಬರ್ ಮುಟ್ಟುತ್ತಿರಲಿಲ್ಲ. ಕೆಲಸ ಕಲಿಸಿದ ಸೋದರಮಾವ ಹಾಕಿಕೊಟ್ಟ ಪಾಠ ಅದು. ಪ್ರತಿ ಸೀಲಿನ ಮೊದಲ ಗುರುತನ್ನು ಒಂದು ಪುಸ್ತಕದಲ್ಲಿ ಒತ್ತಿ, ಪಕ್ಕದಲ್ಲಿ ಆ ಪತ್ರ ಅಂಟಿಸುತ್ತಿದ್ದ. ಹೆತ್ತ ತಾಯಿ ಬಂದು ಕೇಳಿದರೂ ಪತ್ರ ಎಲ್ಲಿ ಅನ್ನುವ ಆಸಾಮಿ ಎಂದು ಪಕ್ಕದ ಅಂಗಡಿಯ ಕೀಲಿ ರಿಪೇರಿಯವನು ನಗುತ್ತಿದ್ದ. ವಕೀಲರ ಗುಮಾಸ್ತರು, ಹಾಜರಾತಿ ಕಡಿಮೆಯಾದ ಕಾಲೇಜಿನವರು, ಎಷ್ಟೋ ಜನ ಬಂದು ಬರಿಗೈಯಲ್ಲಿ ಹೋಗಿದ್ದರು.

ಮರುದಿನ ಮಧ್ಯಾಹ್ನ ಅವನು ಶಟರನ್ನು ಅರ್ಧ ಎಳೆದ. ಪಾಪಚ್ಚಿ ರಟ್ಟಿನ ಪೆಟ್ಟಿಗೆಯಲ್ಲಿ ಕೂತು ಮರದ ಹಿಡಿಗಳನ್ನು ಒಂದಕ್ಕೊಂದು ಬಡಿಯುತ್ತಿದ್ದಳು. ಎರಡು ವರ್ಷದ ಹಿಂದೆ ಡಾಕ್ಟರಮ್ಮ ಅವನಲ್ಲೇ ಸೀಲು ಮಾಡಿಸಿದ್ದರು, ಅದರ ಅಚ್ಚು ಡ್ರಾಯರಿನಲ್ಲಿತ್ತು. ಅಚ್ಚಿನ ಮೇಲೆ ರಬ್ಬರ್ ಹಾಳೆ ಇಟ್ಟು ಬಿಸಿ ಪ್ರೆಸ್ಸಿನ ಹಿಡಿ ತಿರುಗಿಸಿದ. ಎಂಟು ನಿಮಿಷ. ಅವನ ಕೈಯಿಂದ ಅಷ್ಟು ಚೆಂದದ ಸೀಲು ಎದ್ದದ್ದು ಅಪರೂಪ. ಡಾಕ್ಟರು ಸೀಲನ್ನು ಬಲಕ್ಕೆ ವಾಲಿಸಿ ಒತ್ತುತ್ತಾರೆ, ಎಡ ಮೂಲೆಗೆ ಶಾಯಿ ಸರಿಯಾಗಿ ಹತ್ತುವುದಿಲ್ಲ. ಅವನು ಕಾರ್ಡಿನ ಖಾಲಿ ಸಾಲಿನಲ್ಲಿ ತಾರೀಕು ಬರೆದು ಹಾಗೆಯೇ ಒತ್ತಿದ. ಸಹಿ ಹೇಗಿದ್ದರೂ ಕೋಳಿ ಕೆದಕಿದ ಹಾಗಿತ್ತು, ಕಷ್ಟವಾಗಲಿಲ್ಲ. ಆಮೇಲೆ ರಬ್ಬರನ್ನು ಬ್ಲೇಡಿನಿಂದ ಚೂರು ಚೂರು ಮಾಡಿ ಮೋರಿಗೆ ಹಾಕಿದ. ಪುಸ್ತಕದಲ್ಲಿ ಗುರುತು ಒತ್ತಲಿಲ್ಲ.

ಮಗಳನ್ನು ಕಾಪಾಡಿಕೊಂಡೆ ಎಂದೇ ಅವನು ಅಂದುಕೊಂಡಿದ್ದ. ಆ ನಂಬಿಕೆಯಲ್ಲಿ ಕಪಟ ಇರಲಿಲ್ಲ.

ಮನೆಯ ಬಾಗಿಲಲ್ಲೇ ಹೆಂಡತಿ ಮಗುವನ್ನು ಕಸಿದುಕೊಂಡಳು. ಯಾವ ಕಾಲಿಗೆ ಹಾಕಿದರು ಎಂದು ಕೇಳಿದಳು. ಈ ಪ್ರಶ್ನೆಗೆ ಅವನು ಸಿದ್ಧನಾಗಿರಲಿಲ್ಲ. ಎಡಗಾಲಿಗೆ ಎಂದ. ಅವಳು ಬಟ್ಟೆಯನ್ನು ತಣ್ಣೀರಿನಲ್ಲಿ ಹಿಂಡಿ ಎಡದೊಡೆಯ ಮೇಲೆ ಒತ್ತಿ ಹಿಡಿದುಕೊಂಡು ಸಂಜೆಯವರೆಗೂ ಕೂತಳು. ಕಚಗುಳಿಯಾಗಿ ಪಾಪಚ್ಚಿ ಕಾಲು ಝಾಡಿಸಿ ನಕ್ಕಳು. ನೋಡಿ ಎಷ್ಟು ಗಟ್ಟಿಗಿತ್ತಿ, ಊತವೂ ಇಲ್ಲ, ಅಳುವೂ ಇಲ್ಲ ಎಂದು ತಾಯಿಗೆ ಹೆಮ್ಮೆ. ಅವನು ಕೈಕಾಲು ತೊಳೆಯುವ ನೆವದಲ್ಲಿ ಬಚ್ಚಲಿಗೆ ಹೋದ.

ಮೂರು ದಿನ ಅವಳು ಮಗುವಿನ ಹಣೆ ಮುಟ್ಟಿದ್ದೇ ಮುಟ್ಟಿದ್ದು. ಮೂರನೆಯ ದಿನ ಬೆಳಿಗ್ಗೆ, ಅವನು ಶರ್ಟು ಹಾಕಿಕೊಳ್ಳುತ್ತಿದ್ದಾಗ ಹತ್ತಿರ ಬಂದು ಗುಂಡಿ ಹಾಕತೊಡಗಿದಳು. ಹಾಗೆ ಮಾಡಿ ವರ್ಷಗಳಾಗಿದ್ದವು.

"ಏನೂ ಆಗಲಿಲ್ಲ ಅಲ್ವಾ? ಹಾಗಾದ್ರೆ ದೊಡ್ಡೋನಿಗೂ ಸೂಜಿಯಿಂದ ಆಗಿದ್ದಲ್ಲ," ಎಂದಳು. ಕಣ್ಣು ತುಂಬಿತ್ತು, ಆದರೆ ಮುಖ ಹಗುರವಾಗಿತ್ತು. "ಆವತ್ತು ಅವನನ್ನ ಎತ್ಕೊಂಡು ಹೋದವಳು ನಾನು. ನೀವು ಅಂಗಡೀಲಿದ್ರಿ. ನಾಲ್ಕು ವರ್ಷದಿಂದ ಈ ಕೈಯಲ್ಲೇ ಅವನನ್ನ ಕೊಂದೆ ಅಂತ ಅಂದ್ಕೊಂಡಿದ್ದೆ ಕಣ್ರೀ."

ಅವನಿಗೆ ಇದು ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿ, ಒಂದೇ ಚಾಪೆಯ ಮೇಲೆ ಮಲಗಿ ಎದ್ದವನಿಗೆ ಗೊತ್ತಿರಲಿಲ್ಲ. ಡಾಕ್ಟರನ್ನು ಬಯ್ಯುವಾಗಲೆಲ್ಲ ಪಕ್ಕದಲ್ಲಿದ್ದ ಹೆಂಡತಿಗೆ ಅದು ಎಲ್ಲಿ ತಗಲುತ್ತಿತ್ತು ಎಂದು ಅವನು ಒಂದು ದಿನವೂ ಯೋಚಿಸಿರಲಿಲ್ಲ. ಈಗ ನಿಜ ಹೇಳಿದರೆ ಅವಳ ತಲೆಯ ಮೇಲಿಂದ ಇಳಿದ ಕಲ್ಲನ್ನು ತಾನೇ ಎತ್ತಿ ಇಟ್ಟ ಹಾಗೆ. ಅವನು ಚಪ್ಪಲಿ ಮೆಟ್ಟಿ ಅಂಗಡಿಗೆ ಹೋದ. ಅವಳು ಕೆಲಸಕ್ಕೆ ಹೋದಳು, ಪಾಪಚ್ಚಿ ಶಿಶುವಿಹಾರಕ್ಕೆ ಹೋದಳು, ಮನೆಯಲ್ಲಿ ಮತ್ತೆ ನಗು ಕೇಳಿಸಿತು.

ಎರಡು ತಿಂಗಳಿಗೆ ಪಾಪಚ್ಚಿಗೆ ಜ್ವರ ಬಂತು. ಮೂಗು ಸೋರಿತು, ಕಣ್ಣು ಕೆಂಪಗಾಯಿತು, ನಾಲ್ಕನೆಯ ದಿನ ಕಿವಿಯ ಹಿಂದಿನಿಂದ ಗುಳ್ಳೆ ಇಳಿದು ಮುಖವೆಲ್ಲ ಹರಡಿತು. ಡಾಕ್ಟರಮ್ಮ ಊರಲ್ಲಿರಲಿಲ್ಲ, ಅವರ ಜಾಗದಲ್ಲಿ ಒಬ್ಬ ಹೊಸ ಡಾಕ್ಟರು ಇದ್ದರು. ಅವರು ಮೊದಲು ದಡಾರ ಇರಬಹುದೇ ಎಂದು ಹುಬ್ಬೇರಿಸಿ, ಆಮೇಲೆ ಕಾರ್ಡು ನೋಡಿ, ಇದರ ಸೂಜಿ ಆಗಿದೆಯಲ್ಲ ಎಂದರು. "ಆಗಿದೆ ಸಾರ್, ಇವರೇ ಕರ್ಕೊಂಡು ಬಂದು ಹಾಕ್ಸಿದ್ರು," ಎಂದಳು ಹೆಂಡತಿ. ಹೊಸ ಡಾಕ್ಟರು ಅವನತ್ತ ನೋಡಿದರು. ಹೇಳುವುದಾಗಿದ್ದರೆ ಆ ಗಳಿಗೆಯಲ್ಲಿ ಹೇಳಬೇಕಿತ್ತು. ಅವನು ಹೌದು ಎಂದು ತಲೆಯಾಡಿಸಿದ.

ಹಾಗಾದರೆ ಇದು ಬೇರೆ ಏನೋ ಗುಳ್ಳೆ, ರಕ್ತ ಪರೀಕ್ಷೆ ಮಾಡಿಸೋಣ, ಹೊರಗೆ ಕೂತಿರಿ ಎಂದರು. ಒಂದೂಕಾಲು ಗಂಟೆ ಹೊರಗಿನ ಬೆಂಚಿನ ಮೇಲೆ ಕೂತರು. ಪಕ್ಕದಲ್ಲಿ ಖಾಕಿ ಹಾಕಿದ ಬಸ್ ಡ್ರೈವರೊಬ್ಬ ಐದು ತಿಂಗಳ ಕೂಸನ್ನು ತೂಕ ಮಾಡಿಸಲು ತಂದಿದ್ದ. ಕೂಸು ಪಾಪಚ್ಚಿಯ ಬೆರಳು ಹಿಡಿದು ಬಾಯಿಗೆ ಎಳೆದುಕೊಂಡಿತು. ನಮ್ಮೋನಿಗೆ ಒಬ್ಬಳು ಅಕ್ಕ ಸಿಕ್ಕಳು ಎಂದು ಡ್ರೈವರ್ ನಕ್ಕ. ಸೀಲಿನವನು ಮಗಳ ಕೈಯನ್ನು ಮೆಲ್ಲಗೆ ಬಿಡಿಸಿದ. ಎದ್ದು ದೂರ ಹೋಗಬೇಕು ಅನ್ನಿಸಿತು. ಹೋದರೆ ಯಾಕೆ ಎಂದು ಹೆಂಡತಿ ಕೇಳುತ್ತಾಳೆ. ಅವನು ಅಲ್ಲೇ ಕೂತ.

ರಕ್ತದಲ್ಲಿ ಏನೂ ತಿಳಿಯಲಿಲ್ಲ, ಜ್ವರದ ಔಷಧಿ ಕೊಟ್ಟು ಕಳಿಸಿದರು. ಜ್ವರದ ಎಂಟನೆಯ ದಿನ ಪಾಪಚ್ಚಿಗೆ ಉಸಿರು ಕಟ್ಟಿತು. ಪಕ್ಕೆ ಒಳಗೆ ಸೆಳೆದುಕೊಳ್ಳುತ್ತಿತ್ತು. ಅಷ್ಟರಲ್ಲಿ ಡಾಕ್ಟರಮ್ಮ ಬಂದಿದ್ದರು. ಮೈಮೇಲೆ ಉಳಿದಿದ್ದ ಕಂದು ಕಲೆಗಳ ಮೇಲೆ ಬೆರಳಾಡಿಸಿದರು, ಎದೆಗೆ ಕಿವಿಗೊಟ್ಟರು, ಮಗುವನ್ನು ಮಹಡಿಗೆ ಕಳಿಸಿ ಆಕ್ಸಿಜನ್ ಹಚ್ಚಿಸಿದರು. ಅದೆಲ್ಲ ಆದ ಮೇಲೆ ಕಾರ್ಡನ್ನು ಕೈಗೆತ್ತಿಕೊಂಡು ತಮ್ಮ ರಿಜಿಸ್ಟರಿನ ಆ ತಾರೀಕಿನ ಪುಟ ತೆಗೆದರು. ಪಾಪಚ್ಚಿಯ ಹೆಸರು ಅದರಲ್ಲಿರಲಿಲ್ಲ.

"ಈ ಸೀಲು ನಂದೇ. ಒತ್ತಿದ್ದು ನಾನಲ್ಲ."

"ನಾನೇ ಒತ್ತಿದೆ," ಎಂದ ಅವನು.

ಹೆಂಡತಿ ಕೂಗಾಡಲಿಲ್ಲ. ತನ್ನ ಅಂಗೈಯನ್ನು ನೋಡಿಕೊಂಡಳು. ಆ ಸಂಜೆ ತಣ್ಣೀರು ಬಟ್ಟೆ ಹಿಡಿದಿದ್ದ ಕೈ. ಆಮೇಲೆ ಡಾಕ್ಟರ ಕಡೆ ತಿರುಗಿ, "ಹಾಗಾದ್ರೆ ದೊಡ್ಡೋನಿಗೆ?" ಎಂದಳು. ಡಾಕ್ಟರು ಎದ್ದು ಬಂದು ಅವಳ ಪಕ್ಕದಲ್ಲಿ ಕೂತು, ಅದು ಸೂಜಿಯಿಂದ ಅಲ್ಲಮ್ಮ, ಆಗಲೂ ಅಲ್ಲ, ಈಗಲೂ ಅಲ್ಲ ಎಂದು ಮೊದಲಿನಿಂದ ಬಿಡಿಸಿ ಹೇಳಿದರು. ನಾಲ್ಕು ವರ್ಷದ ಹಿಂದೆಯೇ ನಿಮ್ಮಿಬ್ಬರನ್ನೂ ಕೂರಿಸಿಕೊಂಡು ಹೀಗೆ ಹೇಳಬೇಕಿತ್ತು, ರಿಪೋರ್ಟು ಕೈಗೆ ಕೊಟ್ಟು ಸುಮ್ಮನಾದೆ ಎಂದರು. ಹೆಂಡತಿ ತಲೆಯಾಡಿಸುತ್ತಲೇ ಇದ್ದಳು. ಒಂದು ಮಾತೂ ಅವಳ ಒಳಗೆ ಇಳಿಯುತ್ತಿಲ್ಲ ಎನ್ನುವುದು ನೋಡಿದರೆ ತಿಳಿಯುತ್ತಿತ್ತು.

ಡಾಕ್ಟರು ಕಾರ್ಡನ್ನು ಡ್ರಾಯರಿಗೆ ಹಾಕಿದರು. ಇದರ ಮಾತು ಆಮೇಲೆ, ಮೊದಲು ಮಗು ಎಂದರು. ಹೊರಟವನನ್ನು ನಿಲ್ಲಿಸಿ, ಹೊಸ ಡಾಕ್ಟರಿಗೆ ತೋರಿಸಿದ ದಿನ ಬೆಂಚಿನ ಮೇಲೆ ನಿಮ್ಮ ಜೊತೆ ಯಾರು ಯಾರು ಇದ್ದರು ಎಂದು ಕೇಳಿದರು. ಅವನು ಹೇಳಿದ. "ಎರಡು ಮೂರು ದಿನದಲ್ಲಿ ಗೊತ್ತಾಗಿದ್ರೆ ಆ ಕೂಸಿಗೆ ಏನಾದ್ರೂ ಮಾಡಬಹುದಿತ್ತು," ಎಂದರು. ಬಯ್ಯಲಿಲ್ಲ.

ನಾಲ್ಕು ದಿನ ಪಾಪಚ್ಚಿ ಕಣ್ಣು ಬಿಡಲಿಲ್ಲ. ಐದನೆಯ ದಿನ ಮಧ್ಯಾಹ್ನ ಕಣ್ಣು ಬಿಟ್ಟು, ಮೂಗಿನ ಕೊಳವೆಯನ್ನು ಕಿತ್ತು ಹಾಕಿ, ಅಮ್ಮನ ಕಡೆ ಕೈ ಚಾಚಿದಳು. ಅವನು ಗೋಡೆಗೆ ಹಣೆ ಒತ್ತಿ ಅತ್ತ. ಮನೆಗೆ ಬಂದ ಮೇಲೆ ಹೆಂಡತಿ ಮಾತು ಬಿಟ್ಟಳು ಎಂದೇನಲ್ಲ. ಹಾಲು ಮುಗಿದಿದೆ ಎಂದಳು, ಬಲ್ಬು ಹೋಗಿದೆ ಎಂದಳು. ಶರ್ಟಿನ ಗುಂಡಿಯನ್ನು ಅವನೇ ಹಾಕಿಕೊಂಡ.

ಮತ್ತೆ ತೋರಿಸಲು ಬಂದ ದಿನ ಹೆಂಡತಿ ಮಗುವನ್ನು ಎತ್ತಿಕೊಂಡು ತೂಕದ ಕೋಣೆಗೆ ಹೋದಳು. ಡಾಕ್ಟರು ಅವನೊಬ್ಬನನ್ನೇ ಕರೆದು, ಡ್ರೈವರನ ಕೂಸು ಮಹಡಿಯಲ್ಲಿದೆ ಎಂದರು. ದಡಾರ ಎದೆಗೂ ಇಳಿದಿದೆ, ಐದು ತಿಂಗಳ ಕೂಸು, ಇನ್ನೂ ಕಣ್ಣು ಬಿಟ್ಟಿಲ್ಲ, ಏನೂ ಹೇಳಲಾಗದು. ಎಲ್ಲಿಂದ ಬಂತು ಎಂದು ಆತ ದಿನಾ ಕೇಳುತ್ತಾನೆ. "ಒಬ್ಬರ ಮನೆ ವಿಷಯ ಇನ್ನೊಬ್ಬರಿಗೆ ನಾನು ಹೇಳೋ ಹಾಗಿಲ್ಲ," ಎಂದರು.

ಅವನು ಮೆಟ್ಟಿಲು ಹತ್ತಿದ. ಬಾಗಿಲ ಹೊರಗಿನ ಬೆಂಚಿನಲ್ಲಿ ಡ್ರೈವರ್ ಗಡ್ಡ ಬಿಟ್ಟುಕೊಂಡು ಕೂತಿದ್ದ. ಗುರುತು ಹಿಡಿದು, ಊಟದ ಡಬ್ಬಿ ಪಕ್ಕಕ್ಕೆ ಸರಿಸಿ ಜಾಗ ಮಾಡಿದ. ಅಕ್ಕ ಹೇಗಿದ್ದಾಳೆ ಎಂದು ಕೇಳಿದ. ಹುಷಾರಾದಳು ಎಂದಾಗ ಸದ್ಯ, ಅಷ್ಟಾದರೂ ಆಯಿತಲ್ಲ ಎಂದ. ತನ್ನ ಕೂಸಿನ ಸೂಜಿಗೆ ಇನ್ನೂ ನಾಲ್ಕು ತಿಂಗಳಿತ್ತು, ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೆ ಎಂದ.

ಸೀಲಿನವನು ಕೂರಲಿಲ್ಲ. ನಿಂತುಕೊಂಡೇ ಹೇಳಿದ. ದೊಡ್ಡವನ ಬುಧವಾರದಿಂದ ಹಿಡಿದು, ಶಟರು ಎಳೆದದ್ದು, ಹೊಸ ಡಾಕ್ಟರ ಎದುರು ತಲೆಯಾಡಿಸಿದ್ದು, ಇದೇ ಕಟ್ಟಡದ ಕೆಳಗಿನ ಬೆಂಚಿನಿಂದ ಎದ್ದು ಹೋಗದೆ ಉಳಿದದ್ದು, ಒಂದನ್ನೂ ಬಿಡಲಿಲ್ಲ. ಹೊಡೆಯಲಿ ಎಂದು ಕಾದ.

ಡ್ರೈವರ್ ಎದ್ದ. ಬಾಗಿಲ ಗಾಜಿಗೆ ಮುಖ ಹಚ್ಚಿ ಒಳಗೆ ನೋಡುತ್ತ ನಿಂತ. ಒಳಗೆ ಕೂಸಿನ ತಾಯಿ ಮಂಚದ ಕಂಬಿ ಹಿಡಿದು ಕೂತಿದ್ದಳು. ಒಬ್ಬ ನರ್ಸು ಬಂದು ಹೋದಳು, ಇನ್ನೊಬ್ಬಳು ಬಂದು ಹೋದಳು. ಆಮೇಲೆ ತಿರುಗಿ ಬಂದು ಬೆಂಚಿನ ಮೇಲೆ ಕೂತ. ಸೀಲಿನವನ ಮುಖ ನೋಡಲಿಲ್ಲ.

"ನಿಮ್ಮ ಮಗು ಎಷ್ಟನೇ ದಿನಕ್ಕೆ ಕಣ್ಣು ಬಿಡ್ತು?"

"ಐದನೇ ದಿನಕ್ಕೆ."

ಡ್ರೈವರ್ ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳು ಮಡಚಿದ. ನಾಲ್ಕು ಮಡಚಿ ನಿಲ್ಲಿಸಿದ. ಉಳಿದ ಹೆಬ್ಬೆರಳನ್ನು ಇನ್ನೊಂದು ಕೈಯಿಂದ ಬಿಗಿಯಾಗಿ ಹಿಡಿದುಕೊಂಡು, ಬಾಗಿಲ ಕಡೆ ನೋಡುತ್ತ ಕೂತ.