ಎಡಗೈ ಏಳುವ ಹೊತ್ತು

ಮೊಂಬತ್ತಿಯ ಕುಡಿ ಫ್ಯಾನಿನ ಗಾಳಿಗೆ ಒಮ್ಮೆ ಆಚೆ ಒಮ್ಮೆ ಈಚೆ, ಆರಿಹೋದೀತು, ಫ್ಯಾನ್ ಸ್ವಲ್ಪ ಕಡಿಮೆ ಮಾಡು ಝೀಟಾ, ಎಂದರೆ ಮಗಳು ಏಳುವುದಿಲ್ಲ, ತೇರ್ಸ್ ನಡುವೆ ಏಳಬಾರದಲ್ವಾ ಮಮ್ಮಿ, ಭಕ್ತಿಯೆಲ್ಲ ಈಗಲೇ ಬರುವುದು ಇವಳಿಗೆ — ನಮಾನ್ ಮರಿಯೆ, ನಮಾನ್ ಮರಿಯೆ, ಜಪಸರದ ಮಣಿ ಜಾರುತ್ತಿದೆ, ಬಾಯಿ ಅದರಷ್ಟಕ್ಕೆ ತೇರ್ಸಿನ ಪ್ರಾರ್ಥನೆ ಹೇಳುತ್ತಿದೆ, ನಾನೆಲ್ಲಿದ್ದೇನೆ, ಒಳಗೆ ಯಾರಾದರೂ ಇದ್ದಾರೋ ಇಲ್ಲವೋ ನೋಡುವವರಿಗೆ ಹೇಗೆ ಗೊತ್ತು, ಇದನ್ನೇ ಬೆಳಿಗ್ಗೆ ಮಣಿಪಾಲದಲ್ಲಿ ನನ್ನ ತತ್ತ್ವಶಾಸ್ತ್ರದ ಕ್ಲಾಸಿನ ಬೋರ್ಡಿನ ಮೇಲೆ ಬರೆದೆ, ಇನ್ನೊಬ್ಬರಿಗೆ ಮನಸ್ಸುಂಟು ಎಂದು ನಮಗೆ ಹೇಗೆ ಗೊತ್ತು, ಅದರ ಅಡಿಯಲ್ಲಿ, ಕಾಣುವ ವರ್ತನೆಯೇ ಮನಸ್ಸು ಎನ್ನುವವರು, ಮೆದುಳೇ ಮನಸ್ಸು ಎನ್ನುವವರು, ಎರಡೂ ಅಲ್ಲ ಅದು ಬೇರೆಯೇ ಒಂದು ಎನ್ನುವವರು, ಮಕ್ಕಳು ಆಕಳಿಸುತ್ತಿದ್ದರು, ನನಗೂ ಆಕಳಿಕೆ, ನಮ್ಮೂರು ಕೆಮ್ಮಣ್ಣಿನಲ್ಲಿ ಬಸ್ಸು ಹತ್ತುವ ಮೊದಲು ಮಾಂಯ್‌ಗೆ ಸ್ನಾನ, ಗಂಜಿ, ಝೀಟಾಳ ಯೂನಿಫಾರ್ಮು, ಟಿಫಿನ್ನು, ಮಕ್ಕಳನ್ನು ಎಬ್ಬಿಸಲು ಒಂದು ಉದಾಹರಣೆ ಬೇಕಿತ್ತು, ಕೊಟ್ಟೆ, ಹೆತ್ತ ತಾಯಿ ಮಾಂಯ್‌ಳನ್ನೇ ಕೊಟ್ಟೆ. ನಮ್ಮ ಮನೆಯಲ್ಲಿ ಒಬ್ಬರಿಗೆ ಸ್ಟ್ರೋಕ್ ಆಗಿದೆ, ಮಾತು ಹೋಗಿದೆ, ಬಲಗೈ ಬಲಗಾಲು ಹೋಗಿದೆ, ಆದರೆ ದಿನಾ ಸಂಜೆ ಎಡಗೈ ಮೇಲೇಳುತ್ತದೆ, ಹೀಗೆ — ಮಾಡಿ ತೋರಿಸಿದೆ, ಹೌದು, ಮೊಣಕೈ ಎತ್ತಿ, ಬೆರಳುಗಳನ್ನು ಜೋಲುಬಿಟ್ಟು, ಹಿಂದಿನ ಬೆಂಚು ನಕ್ಕಿತು, ನಾನೂ ನಕ್ಕೆ — ಇದರ ಹಿಂದೆ ಒಂದು ಮನಸ್ಸು ಉಂಟೋ, ಬರೀ ನರದ ಸೆಳೆತವೋ, ಹೊರಗಿನಿಂದ ನೋಡಿ ಹೇಳಿ. ಕಾಪುವಿನಿಂದ ಬರುವ ತೃಷಾ ಮಾತ್ರ ನಗಲಿಲ್ಲ, ಸಂಜೆ ಅಂದರೆ ಎಂತ ಆದ ಮೇಲೆ ಮ್ಯಾಮ್? ಬೆಲ್ ಆಯಿತು, ಡಸ್ಟರ್ ತಗೊಂಡು ಹೊರಟೆ.

ಎಂತ ಆದ ಮೇಲೆ ಮ್ಯಾಮ್. ನಮಾನ್ ಮರಿಯೆ. ಮಾಂಯ್ ಮಂಚದಲ್ಲಿ ದಿಂಬಿಗೆ ಒರಗಿದ್ದಾಳೆ, ಕಣ್ಣು ಮೊಂಬತ್ತಿಯ ಮೇಲೋ ಗೋಡೆಯ ಮೇಲೋ, ನಿನ್ನೆ ತೇರ್ಸಿಗೆ ಕೂರುವ ಮೊದಲು ಇದೇ ಮಂಚದ ಅಂಚಿನಲ್ಲಿ ಕೂತು ಫೋನಿನ ಸ್ಪೀಕರ್ ಹಾಕಿ ಕುವೈಟಿನ ಅಣ್ಣ ಕ್ಲಾಯ್ಡ್ ಜೊತೆ ಮಾತಾಡಿದ್ದು, ಕಾರ್ಕಳದಲ್ಲಿ ಒಂದು ಆಶ್ರಮ ಉಂಟು, ಸಿಸ್ಟರುಗಳು ಚೆನ್ನಾಗಿ ನೋಡಿಕೊಳ್ತಾರಂತೆ, ಸೋಮವಾರ ಬಿಟ್ಟು ಬರ್ತೇನೆ, ಮಾಂಯ್ ಹತ್ರ ಹೇಳಿದಿಯಾ ವೆರಾ, ಎಂದ ಅಣ್ಣ, ಯಾರ ಹತ್ರ ಹೇಳುವುದು ಮಾರಾಯ, ಬರೀ ಮನೆ ಉಂಟು, ಒಳಗೆ ಜನ ಇಲ್ಲ — ಹಾಗೆ ಹೇಳುತ್ತಲೇ ಅವಳ ಕಾಲಿನ ಹೊದಿಕೆ ಸರಿಮಾಡುತ್ತಿದ್ದೆ, ಎಷ್ಟು ಚೆನ್ನಾಗಿ ಮಾತು ಜೋಡಿಸಿದೆ, ಪಾಠ ಮಾಡಿದ ಹಾಗೆ. ಆಮೆನ್. ಇವತ್ತಿನ ತೇರ್ಸ್ ಮುಗಿಯಿತು, ಝೀಟಾ ಉಫ್ ಎಂದು ಊದಿದಳು, ಮೇಣದ ಹೊಗೆ, ಹೊದಿಕೆ ಅಲುಗುತ್ತದೆ, ಎಡಗೈ ಏಳುತ್ತದೆ. ತೇರ್ಸ್ ಆದ ಮೇಲೆ ತೃಷಾ, ತೇರ್ಸ್ ಆದ ಮೇಲೆ — ಚಿಕ್ಕವರಿರುವಾಗ ಆಮೆನ್ ಆದ ಕೂಡಲೇ ಮಾಂಯ್ ಮುಂದೆ ಹೋಗಿ ತಲೆ ಬಗ್ಗಿಸಬೇಕು, ಬೆಸಾಂವ್ ದೀ ಮಾಂಯ್, ಆಶೀರ್ವಾದ ಕೊಡು, ಬೆಳ್ಳುಳ್ಳಿ ವಾಸನೆಯ ಬಲಗೈ ನೆತ್ತಿಯ ಮೇಲೆ, ದೇವ್ ಬರೆಂ ಕರುಂ, ದೇವರು ಒಳ್ಳೆಯದು ಮಾಡಲಿ, ತೂಕಡಿಸಿದ ಕ್ಲಾಯ್ಡ್‌ಗೆ ಅದರ ಜೊತೆ ಒಂದು ಮೊಟಕು, ಝೀಟಾ ಕೂಡ ಬಗ್ಗುತ್ತಿದ್ದಳು, ನಾನೂ, ಸ್ಟ್ರೋಕ್ ಆದ ಮೇಲೆ ಬಿಟ್ಟುಬಿಟ್ಟೆವು, ಬಿಡುವ ಎಂದು ಯಾರೂ ಹೇಳಿದ್ದಲ್ಲ, ಬೆಸಾಂವ್ ಬಲಗೈಯದ್ದು, ಬಲಗೈ ಸತ್ತಿದೆ, ಎಡಗೈಯಲ್ಲಿ ಯಾರು ಕೊಡುತ್ತಾರೆ, ಅದು ಎದ್ದಾಗಲೆಲ್ಲ ಹಿಡಿದು ಹೊದಿಕೆಯೊಳಗೆ ತುರುಕಿದ್ದು ನಾನೇ. ಮಮ್ಮಿ, ಅಜ್ಜಿಯ ಕೈ ಎದ್ದಿತು, ಒಳಗಿಡ್ಲಾ? ಬೇಡ. ಮುಟ್ಟಬೇಡ. ಈಗ ಬಗ್ಗಿದರೆ ಒಳಗೆ ಮಾಂಯ್ ಇದ್ದಾಳೆ, ಎಲ್ಲ ಕೇಳಿಸಿಕೊಂಡಿದ್ದಾಳೆ ಎಂದಾಯಿತು, ಕಾರ್ಕಳ, ಸೋಮವಾರ, ಒಳಗೆ ಜನ ಇಲ್ಲ, ಅದನ್ನು ಕೇಳಿ ಅರ್ಧ ಗಂಟೆ ಆಗಿರಲಿಲ್ಲ, ನಿನ್ನೆಯೂ ಎತ್ತಿದಳು, ನನ್ನ ಕಡೆಗೇ ಎತ್ತಿದಳು, ಬಗ್ಗು ವೆರೊನಿಕಾ, ಕುತ್ತಿಗೆ ಬಗ್ಗುವುದಿಲ್ಲ, ಯಾವ ಮುಖ ಹಿಡಿದು ಬಗ್ಗಲಿ, ಬೆಳಿಗ್ಗೆ ನಾನು ತೋರಿಸಿದ ಹಾಗೆ ಬೆರಳು ಜೋತುಬಿದ್ದಿಲ್ಲ, ಅಗಲವಾಗಿ ಬಿಡಿಸಿಕೊಂಡಿವೆ, ಒಂದು ತಲೆ ಹಿಡಿಸುವಷ್ಟು, ಎಡಗೈ, ಗಾಳಿಯಲ್ಲಿ, ಇನ್ನೂ ಇಳಿಸಿಲ್ಲ, ಎಡಗೈ —