ಹಿಕೊಸಾಕರ ಹಂಡೆಯ ಸಾಸ್

ಸಾಸ್ ಕೊಡಬೇಕಾದ ದಿನ ಹಿಕೊಸಾಕ ಯಜಮಾನರು ನನ್ನ ಮುಖ ನೋಡಲಿಲ್ಲ.

ಕೋಬೆಯ ನಮ್ಮ ಪಾಶ್ಚಾತ್ಯ ಅಡುಗೆಯ ಹೋಟೆಲಿನಲ್ಲಿ ಅದೊಂದು ಪದ್ಧತಿ. ಕೆಲಸ ಕಲಿತವರು ಸ್ವಂತ ಹೋಟೆಲು ಹಾಕಲು ಹೊರಟರೆ, ಯಜಮಾನರೇ ದೊಡ್ಡ ಹಂಡೆಯಿಂದ ಒಂದು ಪಾತ್ರೆ ಕಂದು ಸಾಸ್ ತೆಗೆದುಕೊಡಬೇಕು. ಅವರ ಅಪ್ಪನ ಕಾಲದಿಂದ ಆ ಹಂಡೆ ಬರಿದಾಗಿಲ್ಲ. ಎಲುಬಿನ ಸಾರು, ಹುರಿದ ಈರುಳ್ಳಿ, ವೈನು, ಕೊನೆಗೊಂದಿಷ್ಟು ಸೋಯಾ ಸಾಸ್, ದಿನಾ ಸೇರುತ್ತಲೇ ಇರುತ್ತದೆ. ಅದಿಲ್ಲದೆ ಹೋದರೆ ಯಾರೂ ನನ್ನನ್ನು ಹಿಕೊಸಾಕರ ಶಿಷ್ಯೆ ಅನ್ನುವುದಿಲ್ಲ. ಸೋಮವಾರ ನನ್ನ ಹೋಟೆಲು ಶುರು.

ಜಗಳ ಹತ್ತಿದ್ದು ಮಧ್ಯಾಹ್ನ. ಕಿಟಕಿ ಪಕ್ಕ ತೊಕಿತಾ ಅಜ್ಜ ಫೋರ್ಕನ್ನು ಬೋರಲು ಹಿಡಿದು, ಅದರ ಬೆನ್ನ ಮೇಲೆ ಚಾಕುವಿನಿಂದ ಅನ್ನ ಒತ್ತುತ್ತಿದ್ದರು. ಅವರ ಕಾಲದವರಿಗೆ ಪಾಶ್ಚಾತ್ಯ ಶಿಷ್ಟಾಚಾರ ಅಂದರೆ ಅದೇ. ಕೈ ನಡುಗಿ ಅನ್ನವೆಲ್ಲ ತೊಡೆ ಮೇಲೆ. ನೋಡಲಾರದೆ ನನ್ನ ಚಾಪ್‌ಸ್ಟಿಕ್ ತಂದುಕೊಟ್ಟೆ. ಅಜ್ಜ ತಟ್ಟೆ ಖಾಲಿ ಮಾಡಿ, ಇಡೀ ಹೋಟೆಲಿಗೆ ಕೇಳುವ ಹಾಗೆ, "ಮೊದ್ಲೇ ಕೊಡಬಾರ್ದಿತ್ತೇನಮ್ಮ ತಮಕಿ!" ಅಂದರು.

ಯಜಮಾನರು ಅಡುಗೆಮನೆಯ ಕಿಂಡಿಯಿಂದ ನೋಡುತ್ತಿದ್ದರು.

ಗಿರಾಕಿಗಳು ಹೋದ ಮೇಲೆ ನಾನು ಪಾತ್ರೆ ಹಿಡಿದು ನಿಂತೆ. ಅವರು ಸೌಟು ಅದ್ದಿ, ಎತ್ತಿ, ಅಲ್ಲೇ ನಿಲ್ಲಿಸಿದರು.

"ತೊಕಿತಾಗೆ ಫೋರ್ಕ್ ಹಿಡಿಯೋದು ಕಲಿಸಿದ್ದು ನಮ್ಮಪ್ಪ. ಹೆಣ್ಣು ನೋಡೋಕೆ ಹೋಗೋ ಹಿಂದಿನ ದಿನ. ಗೊತ್ತಾ ನಿಂಗೆ?"

"ಹಸಿದಿದ್ರು ಯಜಮಾನ್ರೇ. ಅನ್ನ ಬಾಯಿಗೇ ಹೋಗ್ತಿರ್ಲಿಲ್ಲ."

"ಹಸಿದೋರು ನೂಡಲ್ಸ್ ಗಾಡಿಗೆ ಹೋಗ್ಲಿ! ಇಲ್ಲಿಗೆ ಬರೋದು ಫೋರ್ಕ್ ಹಿಡಿಯೋಕೆ."

"ಫ್ರಾನ್ಸಲ್ಲಿ ಯಾರೂ ಫೋರ್ಕಿನ ಬೆನ್ನ ಮೇಲೆ ಅನ್ನ ಮೆತ್ತಿಕೊಳ್ಳಲ್ಲ."

"ಫ್ರಾನ್ಸಲ್ಲಿ ಸಾಸಿಗೆ ಸೋಯಾನೂ ಹಾಕಲ್ಲ. ಅದನ್ನೂ ಬಿಡ್ತೀಯೇನೇ, ಪಂಡಿತೆ?" ಸೌಟಿನಿಂದ ಸಾಸ್ ಹಂಡೆಗೇ ತೊಟ್ಟಿಕ್ಕುತ್ತಿತ್ತು. "ನಿನ್ನ ಮೇಜಿನ ಮೇಲೆ ಚಾಪ್‌ಸ್ಟಿಕ್ ಇಡಲ್ಲ ಅನ್ನು. ಪಾತ್ರೆ ತುಂಬಿಸ್ತೀನಿ."

ಹೂಂ ಅಂದು, ಸೋಮವಾರ ಇಟ್ಟರೆ ಮುಗಿಯಿತಲ್ಲ! ನಾಲಿಗೆ ತುದಿಗೆ ಬಂದೇಬಿಟ್ಟಿತ್ತು. ಆದರೆ ಆ ಮನುಷ್ಯ ನನಗೆ ಈರುಳ್ಳಿ ಹೆಚ್ಚುವುದರಿಂದ ಹಿಡಿದು ಎಲ್ಲ ಕಲಿಸಿದ್ದ. ಅವನ ಮುಖಕ್ಕೆ ಸುಳ್ಳು ಹೇಳಲು ಆಗಲಿಲ್ಲ. ಅಷ್ಟಕ್ಕೇ ಇನ್ನೂ ಸಿಟ್ಟು ಬಂತು.

"ಇಡ್ತೀನಿ. ಪ್ರತಿ ಮೇಜಿಗೂ ಇಡ್ತೀನಿ."

ಸೌಟು ಹಂಡೆಯೊಳಗೆ ಬೋರಲಾಯಿತು. ಮುಚ್ಚಳ ದಡಾರನೆ ಬಿತ್ತು.

"ನನ್ನ ಹೆಸರು ಎಲ್ಲೂ ಎತ್ತಬೇಡ."

"ಎತ್ತಲ್ಲ ಬಿಡಿ. ಊಟ ನಂದು, ಹೆಸರೂ ನಂದೇ."

"ನೀರು ಸಾರು ಮಾರ್ತೀಯ!"

"ಮೊದಮೊದಲು ಹೌದು."

ಏಪ್ರನ್ ಬಿಚ್ಚಿ ಮೊಳೆಗೆ ಹಾಕಿ ಹೊರಟೆ. ತಲೆ ಬಗ್ಗಿಸಿ ವಂದಿಸಲೂ ಇಲ್ಲ. ಸೀದಾ ಮಾಂಸದಂಗಡಿಗೆ ಹೋದೆ. ಅಂಗಡಿಯ ಉರಾಬೆ ನನ್ನ ಕೈಯ ಖಾಲಿ ಪಾತ್ರೆ ನೋಡಿ ಹಲ್ಲು ಕಿರಿದ.

"ಏನಕ್ಕಾ, ಮುದುಕ ಸಾಸ್ ಕೊಡ್ಲೇ ಇಲ್ವಾ?"

"ಬಾಯಿ ಮುಚ್ಕೊಂಡು ದನದ ಎಲುಬು ಕೊಡು. ಜಾಸ್ತಿ ಕೊಡು. ಇವತ್ತೇ ಒಲೆ ಹಚ್ಚಬೇಕು."